ಕಂಡವರ ಸಾಕ್ಷ್ಯ: ಯುರೋಪಿನ ಯುದ್ಧದಿಂದ ಮರಳಿದ ಅಮೆರಿಕನ್ ಸೈನಿಕರ ನೆನಪುಗಳು

ಎರಡನೇ ಮಹಾಯುದ್ಧ ಎಂದ ಕೂಡಲೇ ನಮಗೆ ನೆನಪಾಗುವುದು ಹಿಟ್ಲರ್, ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್ ಎಂಬ ನಾಲ್ಕು ಹೆಸರುಗಳು. ಕಾರಣಗಳು ಇಷ್ಟು, ಪರಿಣಾಮಗಳು ಇಷ್ಟು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮುಗಿಸಿದ ವಿಷಯವದು. ಆದರೆ ಯುದ್ಧ ಮಾಡಿದವರು ಆ ನಾಲ್ವರಲ್ಲ. ಅಮೆರಿಕವೊಂದರಿಂದಲೇ ಸುಮಾರು 1 ಕೋಟಿ 60 ಲಕ್ಷ ಮಂದಿ ಆ ಯುದ್ಧದ ಕಾಲದಲ್ಲಿ ಸಮವಸ್ತ್ರ ಧರಿಸಿದರು. ರೈತರ ಮಕ್ಕಳು, ಗಣಿ ಕಾರ್ಮಿಕರು, ಅಂಗಡಿ ಕೆಲಸದವರು, ಕಾಲೇಜನ್ನು ಅರ್ಧಕ್ಕೆ ಬಿಟ್ಟು ಬಂದ ಹುಡುಗರು. ಅವರಲ್ಲಿ 4 ಲಕ್ಷಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಮರಳಿ ಬಂದವರ ಪೈಕಿ ಇಂದು ಬದುಕಿರುವವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಅವರೂ ನೂರು ವರ್ಷದ ಆಸುಪಾಸಿನ ವೃದ್ಧರು.

ಈ ಸಾಮಾನ್ಯ ಸೈನಿಕರು ಯುರೋಪಿನಲ್ಲಿ ಏನು ಕಂಡರು? ಕಂಡದ್ದನ್ನು ಯಾರಿಗೆ, ಯಾವಾಗ ಹೇಳಿದರು? ಎಷ್ಟೋ ಮಂದಿ ಯಾಕೆ ಹೇಳದೆ ಉಳಿದರು? ಅವರು ಹೇಳಿದ್ದನ್ನೆಲ್ಲ ಇತಿಹಾಸವೆಂದು ಒಪ್ಪಿಕೊಳ್ಳಬಹುದೇ? ಯುದ್ಧದ ದಿನಾಂಕಗಳಿಗಿಂತ ಈ ಪ್ರಶ್ನೆಗಳು ನನಗೆ ಮುಖ್ಯವೆನಿಸುತ್ತವೆ.

1944ರ ಜೂನ್ 6ರಂದು ಮಿತ್ರರಾಷ್ಟ್ರಗಳ ಸುಮಾರು 1 ಲಕ್ಷ 56 ಸಾವಿರ ಸೈನಿಕರು ಫ್ರಾನ್ಸಿನ ನಾರ್ಮಂಡಿಗೆ ಸಮುದ್ರ ಮತ್ತು ಆಕಾಶ ಮಾರ್ಗಗಳಿಂದ ಬಂದಿಳಿದರು. ಐದು ಕಡಲತೀರಗಳಲ್ಲಿ ಯೂಟಾ ಮತ್ತು ಒಮಾಹಾ ಎಂಬ ಗುಪ್ತನಾಮದ ಎರಡು ಅಮೆರಿಕನ್ನರ ಪಾಲಿಗೆ ಬಂದಿದ್ದವು. ಒಮಾಹಾದಲ್ಲಿ ದಿಬ್ಬದ ಮೇಲಿನಿಂದ ಜರ್ಮನರ ಮೆಷಿನ್‌ಗನ್‌ಗಳು ನೀರಿಗೇ ಗುರಿಯಿಟ್ಟಿದ್ದವು. ಆ ಒಂದೇ ದಿನ ಸತ್ತವರೆಂದು ಖಚಿತವಾದ ಮಿತ್ರಪಡೆಗಳ 4,414 ಸೈನಿಕರಲ್ಲಿ 2,501 ಮಂದಿ ಅಮೆರಿಕನ್ನರು.

ಆ ಹೊತ್ತಿನಲ್ಲಿ ಫಾರೆಸ್ಟ್ ಪೋಗ್ ಎಂಬ ಸಾರ್ಜೆಂಟ್ ಒಬ್ಬರು ಮಾಡಿದ ಕೆಲಸ ವಿಶಿಷ್ಟವಾದುದು. ಅವರು ಇತಿಹಾಸದ ಅಧ್ಯಾಪಕರಾಗಿದ್ದವರು. ಸೈನ್ಯ ಅವರ ಕೈಗೆ ಬಂದೂಕಿನ ಜೊತೆಗೆ ಒಂದು ನೋಟ್‌ಬುಕ್ಕನ್ನೂ ಕೊಟ್ಟಿತ್ತು. ನಾರ್ಮಂಡಿ ತೀರದ ಬಳಿ ಗಾಯಾಳುಗಳನ್ನು ತುಂಬಿಕೊಂಡಿದ್ದ ಹಡಗಿನಲ್ಲಿ ಅವರು ಹಾಸಿಗೆಯಿಂದ ಹಾಸಿಗೆಗೆ ಹೋಗಿ, ನಿನ್ನೆ ಮೊನ್ನೆ ನಡೆದದ್ದನ್ನು ಗಾಯಾಳುಗಳ ಬಾಯಿಂದಲೇ ಕೇಳಿ ಬರೆದುಕೊಂಡರು. ಯುದ್ಧ ಮುಗಿದು ಸೇನಾಧಿಪತಿಗಳು ತಮ್ಮ ಆತ್ಮಕಥೆಗಳನ್ನು ಬರೆಯಲು ಕೂರುವ ಮುನ್ನವೇ ಸಾಮಾನ್ಯ ಸಿಪಾಯಿಯ ಮಾತು ಕಾಗದಕ್ಕೆ ಇಳಿಯಿತು. ಮೌಖಿಕ ಇತಿಹಾಸ ಎಂದು ನಾವು ಇಂದು ಕರೆಯುವ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಪೋಗ್ ಒಬ್ಬರೆಂದು ಇತಿಹಾಸಕಾರರು ಗೌರವಿಸುತ್ತಾರೆ.

ಆದರೆ ಪೋಗ್ ತರಹದವರು ಬೆರಳೆಣಿಕೆಯಷ್ಟು. ಉಳಿದವರ ಪಾಲಿಗೆ ಇದ್ದದ್ದು ಮನೆಗೆ ಬರೆಯುವ ಕಾಗದ ಮಾತ್ರ. ಕಾಗದದ ತೂಕ ಕಡಿಮೆ ಮಾಡಲು ಅವನ್ನು ಫಿಲ್ಮಿನಲ್ಲಿ ಸಣ್ಣದಾಗಿ ಚಿತ್ರೀಕರಿಸಿ ಸಾಗಿಸುವ ವ್ಯವಸ್ಥೆಯನ್ನೂ ಸೈನ್ಯ ಮಾಡಿತ್ತು. ಆದರೆ ಆ ಕಾಗದಗಳನ್ನು ಮೊದಲು ಸ್ವಂತ ಅಧಿಕಾರಿಯೇ ಓದುತ್ತಿದ್ದ. ಊರಿನ ಹೆಸರು, ಪಡೆಯ ಚಲನವಲನ ಇದ್ದರೆ ಅಳಿಸಿಹಾಕುತ್ತಿದ್ದ. ತಾಯಿ ಹೆದರಬಾರದೆಂದು ಸಿಪಾಯಿ ತಾನಾಗಿಯೇ ಬಿಟ್ಟದ್ದು ಅದಕ್ಕಿಂತ ಹೆಚ್ಚಿರಬೇಕು. ಹೀಗೆ ಕಾಗದಗಳು ಉಳಿದರೂ ಯುದ್ಧ ಅವುಗಳೊಳಗೆ ಪೂರ್ತಿಯಾಗಿ ಬರಲಿಲ್ಲ.

ಬಹಳ ವರ್ಷಗಳ ನಂತರ ಈ ಯೋಧರು ಬಾಯಿಬಿಟ್ಟಾಗ ಯುದ್ಧತಂತ್ರದ ಮಾತು ಅದರಲ್ಲಿ ಕಡಿಮೆ. ಒಬ್ಬ ಸಿಪಾಯಿಗೆ ತನ್ನ ಎದುರಿನ ಒಂದು ಹೊಲ, ಒಂದು ಬೇಲಿಸಾಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ನಾರ್ಮಂಡಿಯಲ್ಲಿ ಹೊಲಗಳ ಸುತ್ತ ಎತ್ತರದ ಮಣ್ಣಿನ ದಿಣ್ಣೆ, ಅದರ ಮೇಲೆ ಶತಮಾನಗಳಿಂದ ಬೆಳೆದ ದಟ್ಟ ಪೊದೆ. ಒಂದು ಹೊಲ ದಾಟಿದರೆ ಮತ್ತೊಂದು. ಪ್ರತಿಯೊಂದರ ಹಿಂದೆಯೂ ಮೆಷಿನ್‌ಗನ್. 1944ರ ಡಿಸೆಂಬರ್ 16ರಂದು ಬೆಲ್ಜಿಯಂ ಮತ್ತು ಲಕ್ಸೆಂಬರ್ಗ್‌ನ ಕಾಡುಗಳಲ್ಲಿ ಜರ್ಮನರು ಕೊನೆಯ ಬಾರಿಗೆ ಭಾರೀ ದಾಳಿ ನಡೆಸಿದರು. ಸುಮಾರು ಆರು ವಾರ ನಡೆದ ಈ ಬಲ್ಜ್ ಕದನದಲ್ಲಿ ಹತ್ತಿರ ಹತ್ತಿರ 19,000 ಅಮೆರಿಕನ್ನರು ಸತ್ತರು. ಆ ಕದನದಲ್ಲಿ ಬದುಕಿದವರ ನೆನಪುಗಳಲ್ಲಿ ಶತ್ರುವಿಗಿಂತ ಹೆಚ್ಚಾಗಿ ಬರುವುದು ಚಳಿ. ಹೆಪ್ಪುಗಟ್ಟಿದ ನೆಲದಲ್ಲಿ ಗುಂಡಿ ತೋಡಲಾಗದ ಕಷ್ಟ, ಒದ್ದೆ ಬೂಟಿನೊಳಗೆ ಕಾಲು ಮರಗಟ್ಟಿ ಕಪ್ಪಾಗುವುದು, ರಾತ್ರಿ ಬೆಂಕಿ ಹಚ್ಚಲಾಗದ ಭಯ. ಡಿಸೆಂಬರ್ 17ರಂದು ಮಾಲ್ಮೆಡಿ ಬಳಿ ಶರಣಾಗಿದ್ದ 84 ಅಮೆರಿಕನ್ ಸೈನಿಕರನ್ನು ಜರ್ಮನ್ ಎಸ್.ಎಸ್. ಪಡೆಯವರು ಹೊಲವೊಂದರಲ್ಲಿ ಗುಂಡಿಕ್ಕಿ ಕೊಂದರು. ಸತ್ತವರಂತೆ ಬಿದ್ದುಕೊಂಡು ತಪ್ಪಿಸಿಕೊಂಡ ಕೆಲವರಿಂದಲೇ ಆ ಸುದ್ದಿ ಹೊರಬಂತು. 1946ರ ವಿಚಾರಣೆಯಲ್ಲಿ ಅಂಥವರು ಸಾಕ್ಷಿಗಳಾಗಿ ನಿಂತರು.

ಯುದ್ಧ ಮುಗಿದು ಮನೆಗೆ ಮರಳಿದ ಮೇಲೆ ಹೆಚ್ಚಿನವರು ಮೌನಿಗಳಾದರು. ಕೆಲಸ ಹುಡುಕಬೇಕಿತ್ತು, ಮದುವೆಯಾಗಬೇಕಿತ್ತು, ಮನೆ ಕಟ್ಟಬೇಕಿತ್ತು. ಕೇಳುವವರಿಗೂ ಗೆಲುವಿನ ಕತೆ ಬೇಕಿತ್ತೇ ಹೊರತು ಕಾಲು ಕೊಳೆತ ಕತೆಯಲ್ಲ. ಅಮೆರಿಕದ ಅತಿ ಹೆಚ್ಚು ಪದಕ ಪಡೆದ ಸೈನಿಕರಲ್ಲೊಬ್ಬನಾದ ಆಡಿ ಮರ್ಫಿ ಬಡ ಗೇಣಿದಾರನ ಮಗ. ವಯಸ್ಸನ್ನು ಸುಳ್ಳು ಹೇಳಿ ಸೈನ್ಯ ಸೇರಿದವನು. 1949ರಲ್ಲಿ ಆತನ ಆತ್ಮಕಥೆ ಬಂತು, ಅದು ಸಿನಿಮಾವಾದಾಗ ತನ್ನ ಪಾತ್ರವನ್ನು ತಾನೇ ಮಾಡಿದ. ಇಡೀ ದೇಶ ವೀರನೆಂದು ಹೊಗಳುತ್ತಿದ್ದಾಗ ಆತ ದುಃಸ್ವಪ್ನಗಳಿಂದ ಬೆಚ್ಚುತ್ತ, ಗುಂಡು ತುಂಬಿದ ಪಿಸ್ತೂಲನ್ನು ಬಳಿಯಲ್ಲಿಟ್ಟುಕೊಂಡು ಮಲಗುತ್ತಿದ್ದ. ಮುಂದೆ ಆತ ಈ ಮಾನಸಿಕ ಯಾತನೆಯ ಬಗ್ಗೆ ಬಹಿರಂಗವಾಗಿ ಮಾತನಾಡಿ, ಮರಳಿದ ಸೈನಿಕರಿಗೆ ಚಿಕಿತ್ಸೆ ಬೇಕೆಂದು ಒತ್ತಾಯಿಸಿದ. ಅವನ ಶೌರ್ಯಪದಕಗಳಿಗಿಂತ ಈ ಮಾತಿಗೆ ಹೆಚ್ಚಿನ ಧೈರ್ಯ ಬೇಕಿತ್ತೆಂದು ನನ್ನ ಅಭಿಪ್ರಾಯ.

ಬಲ್ಜ್ ಕದನದಲ್ಲಿ ಸೆರೆಸಿಕ್ಕ ಕರ್ಟ್ ವಾನೆಗಟ್ ಎಂಬ ಯುವಕನನ್ನು ಜರ್ಮನರು ಡ್ರೆಸ್ಡೆನ್ ನಗರಕ್ಕೆ ಸಾಗಿಸಿದ್ದರು. 1945ರ ಫೆಬ್ರವರಿ 13ರ ರಾತ್ರಿ ಬ್ರಿಟಿಷ್ ವಿಮಾನಗಳು, ಮರುದಿನ ಅಮೆರಿಕನ್ ವಿಮಾನಗಳು ಆ ನಗರವನ್ನು ಸುಟ್ಟವು. ಕಸಾಯಿಖಾನೆಯ ನೆಲದಡಿಯಲ್ಲಿ ಮಾಂಸ ಇಡುವ ಕೋಣೆಯಲ್ಲಿ ಕೂಡಿಹಾಕಲ್ಪಟ್ಟಿದ್ದರಿಂದ ಆತ ಬದುಕಿದ. ಹೊರಬಂದಾಗ ನಗರವೇ ಇರಲಿಲ್ಲ. ಅವಶೇಷಗಳಡಿಯಿಂದ ಹೆಣಗಳನ್ನು ಹೊರತೆಗೆಯುವ ಕೆಲಸಕ್ಕೆ ಕೈದಿಗಳನ್ನು ಹಚ್ಚಲಾಯಿತು. ತನ್ನ ದೇಶದ ಮತ್ತು ಮಿತ್ರದೇಶದ ಬಾಂಬುಗಳಿಂದ ಸತ್ತ ಹೆಂಗಸರು, ಮಕ್ಕಳು! ಇದನ್ನು ಕಾದಂಬರಿಯಾಗಿ ಬರೆದು ಮುಗಿಸಲು ವಾನೆಗಟ್‌ಗೆ 24 ವರ್ಷ ಬೇಕಾಯಿತು. 'ಸ್ಲಾಟರ್‌ಹೌಸ್ ಫೈವ್' ಪ್ರಕಟವಾದದ್ದು 1969ರಲ್ಲಿ.

ಮೌನಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣವಾದದ್ದು ನಾಜಿ ಸೆರೆಶಿಬಿರಗಳ ದೃಶ್ಯ. 1945ರ ಏಪ್ರಿಲ್ 4ರಂದು ಅಮೆರಿಕನ್ ಪಡೆಗಳು ಓರ್‌ಡ್ರುಫ್ ಎಂಬ ಶಿಬಿರವನ್ನು ತಲುಪಿದವು. ಏಪ್ರಿಲ್ 12ರಂದು ಸರ್ವೋಚ್ಚ ಸೇನಾಪತಿ ಐಸೆನ್‌ಹೋವರ್ ತಮ್ಮ ಜನರಲ್‌ಗಳಾದ ಬ್ರಾಡ್ಲಿ ಮತ್ತು ಪ್ಯಾಟನ್‌ರೊಂದಿಗೆ ಅಲ್ಲಿಗೆ ಹೋದರು. ಹಸಿವಿನಿಂದ ಸತ್ತವರ ಬೆತ್ತಲೆ ದೇಹಗಳನ್ನು ರಾಶಿ ಹಾಕಿದ್ದ ಕೋಣೆಯೊಂದಕ್ಕೆ, ಯುದ್ಧಭೂಮಿಯಲ್ಲಿ ಯಾವುದಕ್ಕೂ ಅಂಜದ ಪ್ಯಾಟನ್ ಕಾಲಿಡಲೊಪ್ಪಲಿಲ್ಲ, ತನಗೆ ವಾಕರಿಕೆ ಬರುತ್ತದೆಂದರು. ಐಸೆನ್‌ಹೋವರ್ ಮಾತ್ರ ಬೇಕೆಂದೇ ಮೂಲೆಮೂಲೆಯನ್ನೂ ನೋಡಿದರು. ಮೂರು ದಿನಗಳ ನಂತರ ವಾಷಿಂಗ್ಟನ್‌ಗೆ ಬರೆದ ಪತ್ರದಲ್ಲಿ ಅದಕ್ಕೆ ಕಾರಣ ಕೊಟ್ಟರು: ಮುಂದೊಂದು ದಿನ ಇದೆಲ್ಲ ಬರೀ ಪ್ರಚಾರ, ಕಟ್ಟುಕತೆ ಎಂದು ಯಾರಾದರೂ ಹೇಳಿದರೆ, ನಾನೇ ಕಂಡಿದ್ದೇನೆ ಎಂದು ಸಾಕ್ಷಿ ನುಡಿಯುವ ಸ್ಥಿತಿಯಲ್ಲಿ ತಾನಿರಬೇಕು. ಆ ಮೇಲೆ ಅವರು ಹತ್ತಿರದ ಪಡೆಗಳ ಸೈನಿಕರನ್ನು ನೋಡಲು ಕಳಿಸಿದರು, ಅಮೆರಿಕದ ಜನಪ್ರತಿನಿಧಿಗಳನ್ನೂ ಪತ್ರಿಕಾ ಸಂಪಾದಕರನ್ನೂ ಕರೆಸಿ ತೋರಿಸಿದರು. ಸಾಕ್ಷ್ಯವನ್ನು ಮುಚ್ಚಿಡಬಾರದೆಂಬುದು ಕುರ್‌ಆನಿನ ಸ್ಪಷ್ಟ ಆದೇಶವೆಂಬುದು ನಮಗೆ ತಿಳಿದಿದೆ. ಒಬ್ಬ ಸೇನಾಪತಿ ಗೆಲುವಿನ ಗಡಿಬಿಡಿಯ ನಡುವೆ, ನಾಳೆ ನಿರಾಕರಿಸುವವರು ಹುಟ್ಟುತ್ತಾರೆಂದು ಊಹಿಸಿ ಸಾಕ್ಷಿಗಳನ್ನು ಸಿದ್ಧಗೊಳಿಸಿದ್ದು ನಿಜಕ್ಕೂ ಆಶ್ಚರ್ಯಕರ. ಅಂಥ ನಿರಾಕರಿಸುವವರು ಹುಟ್ಟಿಯೂ ಹುಟ್ಟಿದರು.

ಆದರೆ ಸಾಕ್ಷಿಯಾಗುವುದು ಬೇರೆ, ಸಾಕ್ಷಿ ನುಡಿಯುವುದು ಬೇರೆ. ಇದಕ್ಕೆ ಲಿಯಾನ್ ಬಾಸ್ ಅವರ ಬದುಕಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಶಿಕ್ಷಣ ಕ್ಷೇತ್ರದಲ್ಲಿರುವ ನಮ್ಮ ಓದುಗರಿಗೆ ಅದು ವಿಶೇಷವಾಗಿ ಹತ್ತಿರವಾಗಬಹುದು.

ಬಾಸ್ ಫಿಲಡೆಲ್ಫಿಯಾದ ಕಪ್ಪು ಜನಾಂಗದ ಕುಟುಂಬದಲ್ಲಿ 1925ರಲ್ಲಿ ಹುಟ್ಟಿದವರು. 18ನೇ ವಯಸ್ಸಿನಲ್ಲಿ ಸೈನ್ಯ ಸೇರಿದರು. ಆಗಿನ ಅಮೆರಿಕನ್ ಸೈನ್ಯದಲ್ಲಿ ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಪಡೆ, ಬೇರೆ ಬ್ಯಾರಕ್, ಬೇರೆ ಊಟದ ಮನೆ. ದಕ್ಷಿಣದ ರಾಜ್ಯಗಳಲ್ಲಿ ತರಬೇತಿಯಲ್ಲಿದ್ದಾಗ ದೇಶದ ಸಮವಸ್ತ್ರ ತೊಟ್ಟ ಆ ಹುಡುಗನಿಗೆ ಬಿಳಿಯರ ನಲ್ಲಿಯಿಂದ ನೀರು ಕುಡಿಯುವಂತಿರಲಿಲ್ಲ, ಹೋಟೆಲಿನಲ್ಲಿ ಕುಳಿತು ತಿನ್ನುವಂತಿರಲಿಲ್ಲ, ಬಸ್ಸಿನಲ್ಲಿ ಮುಂದೆ ಕೂರುವಂತಿರಲಿಲ್ಲ. ಅವರ 183ನೇ ಎಂಜಿನಿಯರ್ ಬೆಟಾಲಿಯನ್ ಬಲ್ಜ್ ಕದನದ ಸಮಯದಲ್ಲಿ ಬೆಲ್ಜಿಯಂನಲ್ಲಿ ಸೇತುವೆ ಕಟ್ಟಿತು. ಸತ್ತ ಸೈನಿಕರ ದೇಹಗಳನ್ನು ನೋಡುತ್ತ ಆ ಯುವಕ, ನಾನು ಇಲ್ಲಿ ಯಾರಿಗಾಗಿ, ಯಾವುದಕ್ಕಾಗಿ ಹೋರಾಡುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡ. ತಾನು ಆಗ ಸಿಟ್ಟು ತುಂಬಿದ ಸಿಪಾಯಿಯಾಗಿದ್ದೆನೆಂದು ಬಾಸ್ ಮುಂದೆ ಹೇಳುತ್ತಿದ್ದರು. ಆ ಸಿಟ್ಟಿಗೆ ಕಾರಣವಿತ್ತು.

1945ರ ಏಪ್ರಿಲ್‌ನಲ್ಲಿ ಬುಕೆನ್‌ವಾಲ್ಡ್ ಶಿಬಿರ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಬಾಸ್ ಅದರ ದ್ವಾರದೊಳಗೆ ಕಾಲಿಟ್ಟರು. ವಯಸ್ಸು 20. ಒಳಗೆ ಕಂಡವರು ಚರ್ಮ ಹೊದಿಸಿದ ಎಲುಬಿನ ಗೂಡುಗಳು. ನಡೆದಾಡುವ ಶವಗಳಂತಿದ್ದ ಆ ಮನುಷ್ಯರನ್ನು ಕಂಡು, ಇವರು ಯಾವ ಅಪರಾಧ ಮಾಡಿದ್ದಕ್ಕೆ ಈ ಶಿಕ್ಷೆ ಎಂದು ಆತನಿಗೆ ತಿಳಿಯಲಿಲ್ಲ. ಹುಟ್ಟಿನ ಕಾರಣಕ್ಕೇ ಶಿಕ್ಷೆ ಎಂದು ತಿಳಿದಾಗ ಅದು ಆತನಿಗೆ ಹೊಸ ಸಂಗತಿಯಾಗಿರಲಿಲ್ಲ, ಅದರ ಪ್ರಮಾಣ ಮಾತ್ರ ಹೊಸದು. ನೋವು ನನ್ನ ಜನರಿಗೆ ಮಾತ್ರ ಮೀಸಲಲ್ಲ ಎಂಬ ಅರಿವು ತನಗೆ ಆ ದಿನ ಬಂತೆಂದು ಬಾಸ್ ಹೇಳಿದ್ದಾರೆ.

ಊರಿಗೆ ಮರಳಿದ ಬಾಸ್ ಈ ವಿಷಯವನ್ನು ಮನೆಯವರಿಗೂ ಹೇಳಲಿಲ್ಲ. ಸರಕಾರದ ನೆರವಿನಿಂದ ಓದಿ ಶಿಕ್ಷಕರಾದರು. 1968ರಲ್ಲಿ ಫಿಲಡೆಲ್ಫಿಯಾದ ಬೆಂಜಮಿನ್ ಫ್ರಾಂಕ್ಲಿನ್ ಹೈಸ್ಕೂಲಿನ ಪ್ರಾಂಶುಪಾಲರಾದರು. ಬಡ ಕುಟುಂಬಗಳ ಹುಡುಗರೇ ತುಂಬಿದ್ದ, ನಿಭಾಯಿಸುವುದು ಸುಲಭವಲ್ಲದ ಶಾಲೆಯದು. ಒಂದು ದಿನ ನಾಜಿ ಶಿಬಿರದಿಂದ ಬದುಕಿ ಬಂದ ಮಹಿಳೆಯೊಬ್ಬರು ಆ ಶಾಲೆಗೆ ಮಾತನಾಡಲು ಬಂದಿದ್ದರು. ಹುಡುಗರು ಕೇಳುವ ಮನಸ್ಸಿನಲ್ಲಿರಲಿಲ್ಲ. ನಮಗೇ ಸಾವಿರ ಕಷ್ಟಗಳಿರುವಾಗ ಎಲ್ಲಿಯದೋ ಬಿಳಿಯ ಹೆಂಗಸಿನ ಕಷ್ಟ ನಮಗೇಕೆ ಎಂಬ ಧೋರಣೆ. ಬಾಸ್ ಎದ್ದು ನಿಂತರು. ಈ ತಾಯಿ ಹೇಳುತ್ತಿರುವುದು ನಿಜ, ನಾನು ಅಲ್ಲಿದ್ದೆ, ನಾನು ನೋಡಿದ್ದೇನೆ ಎಂದು ಹೇಳಿದರು. ಸಭೆ ಸ್ತಬ್ಧವಾಯಿತು. ಇಷ್ಟು ಹತ್ತಿರದಿಂದ ತಾವು ಬಲ್ಲ ತಮ್ಮ ಪ್ರಾಂಶುಪಾಲರು, ತಮ್ಮದೇ ಬಣ್ಣದ ಮನುಷ್ಯ, ಹೀಗೆ ಹೇಳಿದ ಮೇಲೆ ಹುಡುಗರು ಕೇಳಿದರು. ನೀವು ಕಂಡದ್ದನ್ನು ಇನ್ನು ಮುಂದೆ ಹೇಳಲೇಬೇಕೆಂದು ಆ ಮಹಿಳೆ ಬಾಸ್‌ರನ್ನು ಒತ್ತಾಯಿಸಿದರು. ಕಾಲು ಶತಮಾನದ ಮೌನ ಹೀಗೆ ಶಾಲೆಯಲ್ಲಿ ಮುರಿಯಿತು. 2015ರಲ್ಲಿ ತೀರಿಕೊಳ್ಳುವವರೆಗೂ ಅವರು ಶಾಲೆ, ಕಾಲೇಜು, ಪ್ರಾರ್ಥನಾಲಯಗಳೆನ್ನದೆ ಓಡಾಡಿ ತಾವು ಕಂಡ ಎರಡನ್ನೂ ಹೇಳಿದರು. ಒಂದು, ಬುಕೆನ್‌ವಾಲ್ಡ್. ಇನ್ನೊಂದು, ತಾನು ನೀರು ಕುಡಿಯಲಾಗದ ಆ ನಲ್ಲಿ.

ಎರಡನೆಯದನ್ನು ಕೇಳಲು ಅಮೆರಿಕ ಬಹಳ ಕಾಲ ಸಿದ್ಧವಿರಲಿಲ್ಲ. ಯುದ್ಧದಲ್ಲಿ 10 ಲಕ್ಷಕ್ಕೂ ಹೆಚ್ಚು ಮಂದಿ ಕರಿಯರು ಸೇವೆ ಸಲ್ಲಿಸಿದ್ದರೂ ಅತ್ಯುನ್ನತ ಶೌರ್ಯಪದಕವಾದ ಮೆಡಲ್ ಆಫ್ ಆನರ್ ಆಗ ಅವರಲ್ಲಿ ಒಬ್ಬರಿಗೂ ಸಿಗಲಿಲ್ಲ. ಸರಕಾರವೇ ಪರಿಶೀಲನೆ ಮಾಡಿಸಿ, 1997ರ ಜನವರಿ 13ರಂದು ಅಧ್ಯಕ್ಷ ಕ್ಲಿಂಟನ್ ಏಳು ಮಂದಿಗೆ ಅದನ್ನು ಘೋಷಿಸಿ ಪ್ರದಾನ ಮಾಡಿದಾಗ ಅವರಲ್ಲಿ ಬದುಕಿದ್ದವರು ವರ್ನನ್ ಬೇಕರ್ ಒಬ್ಬರೇ. 1945ರ ಏಪ್ರಿಲ್‌ನಲ್ಲಿ ಇಟಲಿಯ ಗುಡ್ಡದ ಕೋಟೆಯೊಂದರ ಮೇಲಿನ ದಾಳಿಯಲ್ಲಿ ಅವರು ತೋರಿದ ಸಾಹಸಕ್ಕೆ 52 ವರ್ಷಗಳ ನಂತರ ಸಂದ ಗೌರವವದು. ಉಳಿದ ಆರು ಪದಕಗಳನ್ನು ಪಡೆದದ್ದು ಬಂಧುಗಳು ಅಥವಾ ಪ್ರತಿನಿಧಿಗಳು.

ವೇವರ್ಲಿ ವುಡ್‌ಸನ್ ಎಂಬ ವೈದ್ಯಕೀಯ ಸಹಾಯಕನ ಕತೆ ಇನ್ನೂ ನೋವಿನದು. ಒಮಾಹಾ ತೀರದಲ್ಲಿ, ಶತ್ರು ವಿಮಾನಗಳನ್ನು ತಡೆಯಲು ದೊಡ್ಡ ಬಲೂನುಗಳನ್ನು ಹಾರಿಸುವ 320ನೇ ಬೆಟಾಲಿಯನ್ ಎಂಬ ಕರಿಯರ ಪಡೆಯಲ್ಲಿ ಆತನಿದ್ದ. ತೀರ ತಲುಪುವ ಮುನ್ನವೇ ದೋಣಿಗೆ ಏಟು ಬಿದ್ದು ಗಾಯಗೊಂಡ. ಆ ಗಾಯದಲ್ಲೇ ಸುಮಾರು 30 ಗಂಟೆ ಕಾಲ ನೂರಾರು ಮಂದಿಗೆ ಚಿಕಿತ್ಸೆ ನೀಡಿದ, ಮುಳುಗುತ್ತಿದ್ದವರನ್ನು ಎಳೆದು ಉಸಿರು ಮರಳಿಸಿದ. ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನವರು ಬಿಳಿಯರು. ದೊಡ್ಡ ಪದಕಕ್ಕೆ ಕುಟುಂಬ ಕೇಳಿಕೊಂಡಾಗ ಎದುರಾದ ಅಡ್ಡಿ ಕಡತದ್ದು. 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ಸೇನಾ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು, 1 ಕೋಟಿ 60 ಲಕ್ಷಕ್ಕೂ ಹೆಚ್ಚು ಸೈನಿಕರ ಕಡತಗಳು ಸುಟ್ಟುಹೋಗಿದ್ದವು. ಕಾಗದ ಸುಟ್ಟಮೇಲೆ ಉಳಿಯುವುದು ಕಂಡವರ ಮಾತು, ಆ ಕಾಲದ ಪತ್ರಿಕೆಯ ತುಣುಕು, ಎಲ್ಲೋ ಉಳಿದ ಒಂದು ಟಿಪ್ಪಣಿ. ಅವುಗಳನ್ನೇ ಜೋಡಿಸಿ ವರ್ಷಗಟ್ಟಲೆ ಹೋರಾಡಿದ ಮೇಲೆ 2024ರಲ್ಲಿ ಸೈನ್ಯ ವುಡ್‌ಸನ್‌ಗೆ ಎರಡನೇ ಅತ್ಯುನ್ನತ ಪದಕವನ್ನು ಘೋಷಿಸಿತು. ಆತ ತೀರಿಕೊಂಡು ಆಗ 19 ವರ್ಷವಾಗಿತ್ತು.

ಜಪಾನ್ ಮೂಲದ ಅಮೆರಿಕನ್ನರ ನೆನಪುಗಳಲ್ಲಿಯೂ ಇಂಥದೇ ಮುಳ್ಳು ಇದೆ. 1942ರಲ್ಲಿ ಅವರ ಸಮುದಾಯದ ಸುಮಾರು 1 ಲಕ್ಷ 20 ಸಾವಿರ ಮಂದಿಯನ್ನು, ಹೆಂಗಸರು ಮಕ್ಕಳೆನ್ನದೆ, ದೇಶನಿಷ್ಠೆಯ ಬಗ್ಗೆ ಸಂಶಯವೆಂದು ಮುಳ್ಳುತಂತಿಯ ಶಿಬಿರಗಳಿಗೆ ಅಟ್ಟಲಾಗಿತ್ತು. ಯಾವ ಆರೋಪಪಟ್ಟಿಯೂ ಇಲ್ಲ, ವಿಚಾರಣೆಯೂ ಇಲ್ಲ. ಅದೇ ಸಮುದಾಯದ ಯುವಕರ 442ನೇ ರೆಜಿಮೆಂಟ್ ಇಟಲಿ ಮತ್ತು ಫ್ರಾನ್ಸಿನಲ್ಲಿ ಹೋರಾಡಿತು. 1944ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ವೋಜ್ ಬೆಟ್ಟಗಳಲ್ಲಿ ಶತ್ರುಗಳಿಂದ ಸುತ್ತುವರಿಯಲ್ಪಟ್ಟ ಟೆಕ್ಸಾಸ್ ಪಡೆಯ 211 ಮಂದಿಯನ್ನು ಬಿಡಿಸಿ ತಂದಾಗ, ಬಿಡಿಸಿದವರ ಸಂಖ್ಯೆಗಿಂತ ಬಿಡಿಸಲು ಹೋಗಿ ಸತ್ತು ಗಾಯಗೊಂಡವರ ಸಂಖ್ಯೆ ಹಲವು ಪಟ್ಟು ಹೆಚ್ಚಿತ್ತು. ಆ ರೆಜಿಮೆಂಟಿನ ಡೇನಿಯಲ್ ಇನೌಯೆ 1945ರ ಏಪ್ರಿಲ್ 21ರಂದು ಇಟಲಿಯಲ್ಲಿ ಬಲಗೈ ಕಳೆದುಕೊಂಡರು. ಊರಿಗೆ ಮರಳುವ ದಾರಿಯಲ್ಲಿ, ಎದೆಯ ಮೇಲೆ ಪದಕಗಳು, ಕೈಯಿದ್ದ ಕಡೆ ಕಬ್ಬಿಣದ ಕೊಕ್ಕೆ. ಹಾಗೆ ಕ್ಷೌರದಂಗಡಿಗೆ ಹೋದಾಗ, ಜಪಾನಿಯರಿಗೆ ಇಲ್ಲಿ ಕ್ಷೌರ ಮಾಡುವುದಿಲ್ಲ ಎಂದು ಹೊರಗೆ ಕಳಿಸಿದರಂತೆ. ಮುಂದೆ ಹವಾಯಿಯಿಂದ ಸೆನೆಟರ್ ಆಗಿ ಅರ್ಧ ಶತಮಾನ ಕಳೆದ ಮೇಲೂ ಇನೌಯೆ ಆ ಅಂಗಡಿಯನ್ನು ಮರೆಯಲಿಲ್ಲ. 1988ರಲ್ಲಿ ಅಮೆರಿಕ ತನ್ನ ತಪ್ಪಿಗೆ ಕಾನೂನು ಮೂಲಕ ಕ್ಷಮೆ ಕೋರಿತು. 2001ರ ಸೆಪ್ಟೆಂಬರ್ ದಾಳಿಗಳ ನಂತರ ಅಲ್ಲಿನ ಮುಸ್ಲಿಮರ ಮೇಲೆ ಸಂಶಯದ ಕಣ್ಣು ಬಿದ್ದಾಗ ಅವರ ಪರವಾಗಿ ಬೇಗನೆ ದನಿಯೆತ್ತಿದವರಲ್ಲಿ ಜಪಾನ್ ಮೂಲದ ಅಮೆರಿಕನ್ನರು ಇದ್ದರೆಂಬುದು ನೆನಪಿಡಬೇಕಾದ ಸಂಗತಿ.

ಆ ಸೈನ್ಯದಲ್ಲಿ ಮುಸ್ಲಿಮರೂ ಇದ್ದರು. ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್‌ನಲ್ಲಿ 1934ರಲ್ಲೇ ಅರಬ್ ವಲಸಿಗರು ಕಟ್ಟಿದ ಮಸೀದಿಯಿದೆ. ಆ ಊರಿನ ಅಬ್ದುಲ್ಲಾ ಇಗ್ರಾಮ್ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರು. ಸೈನಿಕ ಸತ್ತರೆ ಯಾವ ಧರ್ಮದ ಪ್ರಕಾರ ಅಂತ್ಯಕ್ರಿಯೆ ನಡೆಸಬೇಕೆಂದು ತಿಳಿಯಲು ಕುತ್ತಿಗೆಯಲ್ಲಿ ಧರಿಸುವ ಲೋಹದ ಬಿಲ್ಲೆಯ ಮೇಲೆ ಒಂದು ಅಕ್ಷರ ಒತ್ತುತ್ತಿದ್ದರು. ಪ್ರಾಟೆಸ್ಟೆಂಟ್, ಕ್ಯಾಥೊಲಿಕ್, ಯಹೂದಿ ಈ ಮೂವರಿಗೆ ಅಕ್ಷರವಿತ್ತು, ಮುಸ್ಲಿಮನಿಗೆ ಇರಲಿಲ್ಲ. 1953ರಲ್ಲಿ ಇಗ್ರಾಮ್ ಈ ವಿಷಯವನ್ನು ಅಧ್ಯಕ್ಷರಿಗೇ ಬರೆದು ತಿಳಿಸಿದರು. ಆಗಿನ ಅಧ್ಯಕ್ಷರು ಬೇರಾರೂ ಅಲ್ಲ, ಓರ್‌ಡ್ರುಫ್‌ಗೆ ಹೋಗಿದ್ದ ಅದೇ ಐಸೆನ್‌ಹೋವರ್. ಒಂದು ಅಕ್ಷರದ ಬೇಡಿಕೆ ಸಣ್ಣದೆನಿಸಬಹುದು. ಜನಾಝಾ ನಮಾಝ್ ಇಲ್ಲದೆ ಅನ್ಯದೇಶದಲ್ಲಿ ಮಣ್ಣಾಗುವ ಭಯ ಇದ್ದವನಿಗೆ ಅದು ಸಣ್ಣದಲ್ಲ.

ಮರಳಿದ ಸೈನಿಕರ ನೆನಪುಗಳಲ್ಲಿ ಪದೇ ಪದೇ ಕೃತಜ್ಞತೆಯಿಂದ ಬರುವ ಇನ್ನೊಂದು ವಿಷಯ ಓದು. 1944ರ ಜೂನ್ 22ರಂದು ರೂಸ್‌ವೆಲ್ಟ್ ಸಹಿ ಹಾಕಿದ ಜಿ.ಐ. ಬಿಲ್ ಎಂಬ ಕಾನೂನು ಸೈನಿಕರಿಗೆ ಕಾಲೇಜು ಶುಲ್ಕ, ಪುಸ್ತಕದ ಖರ್ಚು, ಜೀವನಭತ್ಯೆ ಕೊಟ್ಟಿತು. 1956ರೊಳಗೆ 78 ಲಕ್ಷ ಮಂದಿ ಅದರ ಮೂಲಕ ಶಿಕ್ಷಣ ಅಥವಾ ತರಬೇತಿ ಪಡೆದರು. ಅವರಲ್ಲಿ 22 ಲಕ್ಷ ಮಂದಿ ಕಾಲೇಜು ಮೆಟ್ಟಿಲೇರಿದರು. ಮನೆತನದಲ್ಲಿ ಯಾರೂ ಹೈಸ್ಕೂಲು ದಾಟದವರ ಮಕ್ಕಳು ಎಂಜಿನಿಯರ್, ವೈದ್ಯ, ಅಧ್ಯಾಪಕರಾದರು. ಒಂದು ಕಾನೂನು ಒಂದು ತಲೆಮಾರನ್ನೇ ಮೇಲೆತ್ತಿದ ಉದಾಹರಣೆ ಇದಕ್ಕಿಂತ ದೊಡ್ಡದು ಸಿಗುವುದು ಕಷ್ಟ. ಆದರೆ ಕಾನೂನಿನಲ್ಲಿ ಬಣ್ಣದ ಉಲ್ಲೇಖವಿಲ್ಲದಿದ್ದರೂ ಅದನ್ನು ಜಾರಿಗೆ ತಂದವರ ಮನಸ್ಸಿನಲ್ಲಿ ಬಣ್ಣವಿತ್ತು. ದಕ್ಷಿಣದ ವಿಶ್ವವಿದ್ಯಾಲಯಗಳ ಬಾಗಿಲು ಕರಿಯರಿಗೆ ಮುಚ್ಚಿತ್ತು, ಅವರಿಗೆಂದೇ ಇದ್ದ ಕಾಲೇಜುಗಳಲ್ಲಿ ಜಾಗ ಸಾಲದೆ ಸಾವಿರಾರು ಮಂದಿ ಹಿಂದಿರುಗಬೇಕಾಯಿತು. ಮಿಸಿಸಿಪಿ ರಾಜ್ಯದಲ್ಲಿ 1947ರವರೆಗೆ ಈ ಕಾನೂನಿನಡಿ ಸಿಕ್ಕ 3,229 ಸಾಲಗಳಲ್ಲಿ ಕರಿಯರಿಗೆ ಸಿಕ್ಕಿದ್ದು ಎರಡೇ ಎರಡು.

ಅದೇ ಮಿಸಿಸಿಪಿಯ ಮೆಡ್ಗರ್ ಎವರ್ಸ್ ನಾರ್ಮಂಡಿಯಲ್ಲಿ ಸೇವೆ ಸಲ್ಲಿಸಿ ಮರಳಿದ ಯುವಕ. 1946ರಲ್ಲಿ, ತನಗೆ 21 ತುಂಬಿದ ದಿನ, ಅಣ್ಣ ಮತ್ತು ಗೆಳೆಯರೊಂದಿಗೆ ಮತ ಹಾಕಲು ಹೋದಾಗ ಬಂದೂಕು ಹಿಡಿದ ಬಿಳಿಯರು ತಡೆದು ಹಿಂದಕ್ಕೆ ಕಳಿಸಿದರು. ಯುರೋಪಿಗೆ ಪ್ರಜಾಪ್ರಭುತ್ವ ತಂದುಕೊಟ್ಟವನಿಗೆ ತನ್ನೂರಿನಲ್ಲಿ ಮತವಿಲ್ಲ! ಎವರ್ಸ್ ಜಿ.ಐ. ಬಿಲ್ ನೆರವಿನಿಂದ ಕರಿಯರ ಕಾಲೇಜಿನಲ್ಲಿ ಪದವಿ ಪಡೆದರು. 1954ರಲ್ಲಿ ರಾಜ್ಯ ವಿಶ್ವವಿದ್ಯಾಲಯದ ಕಾನೂನು ಕಾಲೇಜಿಗೆ ಅರ್ಜಿ ಹಾಕಿ ತಿರಸ್ಕೃತರಾದರು. ಮುಂದೆ ನಾಗರಿಕ ಹಕ್ಕುಗಳ ಹೋರಾಟದಲ್ಲಿ ನಿಂತು 1963ರ ಜೂನ್ 12ರಂದು ತಮ್ಮ ಮನೆಯಂಗಳದಲ್ಲೇ ಗುಂಡಿಗೆ ಬಲಿಯಾದರು. ಯೋಧರ ಸ್ಮಶಾನವಾದ ಆರ್ಲಿಂಗ್ಟನ್‌ನಲ್ಲಿ ಅವರ ಸಮಾಧಿಯಿದೆ.

ಇನ್ನು, ಈ ನೆನಪುಗಳನ್ನು ನಂಬುವುದು ಹೇಗೆ? ಇಲ್ಲಿ ನಮ್ಮ ಹದೀಸ್ ಶಾಸ್ತ್ರದ ವಿದ್ವಾಂಸರು ನೆನಪಾಗುತ್ತಾರೆ. ವರದಿ ಮಾಡಿದವನು ಯಾರು, ಅವನ ನಡತೆ ಎಂಥದು, ನೆನಪಿನ ಶಕ್ತಿ ಹೇಗಿತ್ತು, ತಾನೇ ಕೇಳಿದ್ದೋ ಇನ್ನೊಬ್ಬನಿಂದ ಕೇಳಿದ್ದೋ, ಇಬ್ಬರೂ ಒಂದೇ ಕಾಲದಲ್ಲಿ ಬದುಕಿದ್ದರೋ ಎಂದು ಸಾವಿರಾರು ವರದಿಗಾರರ ಜೀವನವನ್ನೇ ಅವರು ಶೋಧಿಸಿದರು. ಒಳ್ಳೆಯ ಮನುಷ್ಯನೆಂದ ಮಾತ್ರಕ್ಕೆ ಅವನ ವರದಿ ಒಪ್ಪಿತವಾಗುತ್ತಿರಲಿಲ್ಲ, ಮರೆವು ಇದ್ದರೆ ಅದನ್ನೂ ದಾಖಲಿಸಿದರು. ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂಬ ಸೂರಃ ಅಲ್ ಹುಜುರಾತ್‌ನ ಆದೇಶ ಈ ಶಿಸ್ತಿನ ಹಿಂದಿದೆ. ಅಮೆರಿಕದ ಯೋಧರ ನೆನಪುಗಳಿಗೂ ಇದೇ ಒರೆಗಲ್ಲು ಬೇಕಾಗುತ್ತದೆ.

ಸ್ಟೀಫನ್ ಆಂಬ್ರೋಸ್ ಎಂಬ ಇತಿಹಾಸಕಾರರು ಪ್ಯಾರಾಚೂಟ್ ಪಡೆಯೊಂದರ ಯೋಧರನ್ನು ಸಂದರ್ಶಿಸಿ 1992ರಲ್ಲಿ 'ಬ್ಯಾಂಡ್ ಆಫ್ ಬ್ರದರ್ಸ್' ಬರೆದರು. 2001ರಲ್ಲಿ ಅದು ಟಿ.ವಿ. ಧಾರಾವಾಹಿಯಾಗಿ ಜಗತ್ಪ್ರಸಿದ್ಧವಾಯಿತು. ಆ ಪಡೆಯ ಆಲ್ಬರ್ಟ್ ಬ್ಲೈದ್ ನಾರ್ಮಂಡಿಯ ಗಾಯದಿಂದ ಚೇತರಿಸಿಕೊಳ್ಳದೆ 1948ರಲ್ಲಿ ಸತ್ತನೆಂದು ಧಾರಾವಾಹಿ ಹೇಳಿತು. ಜೊತೆಗಾರರು ಹಾಗೆಯೇ ನಂಬಿದ್ದರು. ನಿಜವಾಗಿ ಆತ ಗುಣಮುಖನಾಗಿ ಸೈನ್ಯದಲ್ಲೇ ಮುಂದುವರಿದು 1967ರವರೆಗೆ ಬದುಕಿದ್ದ. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರಲಿಲ್ಲ. ಗಾಯಗೊಂಡು ಹೋದವನು ಮತ್ತೆ ಕಾಣಿಸಲಿಲ್ಲ, ಸತ್ತಿರಬೇಕು ಎಂಬುದು ಸತ್ತ ಎಂದಾಯಿತು. ವಾನೆಗಟ್‌ರ ವಿಷಯವೂ ಹಾಗೆ. ನೆಲಮಾಳಿಗೆ, ಸುಟ್ಟ ನಗರ, ಹೆಣಗಳು ಅವರು ಕಣ್ಣಾರೆ ಕಂಡದ್ದು. ಆದರೆ ಕಾದಂಬರಿಯಲ್ಲಿ ಬರುವ 1 ಲಕ್ಷ 35 ಸಾವಿರ ಸಾವು ಅವರು ಎಣಿಸಿದ್ದಲ್ಲ, ಇನ್ನೊಬ್ಬರ ಪುಸ್ತಕದಿಂದ ಬಂದದ್ದು. ಡ್ರೆಸ್ಡೆನ್‌ನ ಇತಿಹಾಸಕಾರರ ಆಯೋಗ 2010ರಲ್ಲಿ ಕೊಟ್ಟ ಲೆಕ್ಕದಂತೆ ಸತ್ತವರು ಹೆಚ್ಚೆಂದರೆ 25,000.

ಒಳ್ಳೆಯ ಉದ್ದೇಶವೂ ದಾರಿ ತಪ್ಪಿಸಬಲ್ಲದು. ಕರಿಯ ಸೈನಿಕರ ಮರೆತ ಸೇವೆಯನ್ನು ತೋರಿಸಲು 1992ರಲ್ಲಿ 'ಲಿಬರೇಟರ್ಸ್' ಎಂಬ ಸಾಕ್ಷ್ಯಚಿತ್ರ ಬಂತು. 761ನೇ ಟ್ಯಾಂಕ್ ಬೆಟಾಲಿಯನ್ ಬುಕೆನ್‌ವಾಲ್ಡ್ ಮತ್ತು ಡಖಾವು ಶಿಬಿರಗಳನ್ನು ಬಿಡಿಸಿತೆಂದು ಅದು ಹೇಳಿತು. ನಾವು ಅಲ್ಲಿ ಇರಲೇ ಇಲ್ಲ ಎಂದು ಆ ಬೆಟಾಲಿಯನ್ನಿನ ಯೋಧರೇ ಕೆಲವರು ಹೇಳಿದರು. ತನಿಖೆ ನಡೆದು ಚಿತ್ರವನ್ನು ಹಿಂತೆಗೆದುಕೊಳ್ಳಲಾಯಿತು. ಅದೇ ಪಡೆ ಆಸ್ಟ್ರಿಯಾದ ಗುನ್ಸ್‌ಕಿರ್ಖೆನ್ ಶಿಬಿರದ ಬಿಡುಗಡೆಯಲ್ಲಿ ಪಾಲ್ಗೊಂಡದ್ದು ನಿಜ. ಆ ನಿಜವೇ ಸಾಕಾಗಿತ್ತು! ತನಗೆ ಸಲ್ಲದ ಕೀರ್ತಿಯನ್ನು ಬೇಡವೆಂದ ಆ ವೃದ್ಧ ಯೋಧರನ್ನು ನಾನು ಉತ್ತಮ ಸಾಕ್ಷಿಗಳೆಂದು ಕರೆಯುತ್ತೇನೆ.

ಇಟಲಿಯ ಕ್ಯಾಸಿನೋದಲ್ಲಿ 1944ರ ಫೆಬ್ರವರಿಯಲ್ಲಿ ಬಸವಳಿದ ಅಮೆರಿಕನ್ 34ನೇ ಡಿವಿಜನ್ನಿನ ಜಾಗಕ್ಕೆ ಬಂದು ನಿಂತದ್ದು 4ನೇ ಭಾರತೀಯ ಡಿವಿಜನ್. ಒಂದೇ ಬೆಟ್ಟ, ಒಂದೇ ಚಳಿ, ಅದೇ ಶತ್ರು. ಆ ಮಹಾಯುದ್ಧದಲ್ಲಿ ಒಟ್ಟು 25 ಲಕ್ಷ ಭಾರತೀಯರು ಸೇವೆ ಸಲ್ಲಿಸಿದರು, ಅವರಲ್ಲಿ ಮುಸ್ಲಿಮರ ಸಂಖ್ಯೆ ದೊಡ್ಡದು. ಕ್ಯಾಸಿನೋದ ಯುದ್ಧ ಸ್ಮಶಾನದಲ್ಲಿ ಅವರ ಗೋರಿಗಳಿವೆ. ಆದರೆ ಅವರ ಆತ್ಮಕಥೆಗಳ ಕಪಾಟು ಬಹುತೇಕ ಖಾಲಿ. ಅಕ್ಷರ ಬಲ್ಲ ಅಮೆರಿಕನ್ ಸಿಪಾಯಿ ತಾನೇ ಕಾಗದ ಬರೆದ, ದಿನಚರಿ ಇಟ್ಟ, ಕಾಲೇಜಿಗೆ ಹೋಗಿ ಪುಸ್ತಕ ಬರೆದ. ನಮ್ಮವರಲ್ಲಿ ಎಷ್ಟೋ ಮಂದಿ ಇನ್ನೊಬ್ಬರ ಕೈಯಲ್ಲಿ ಕಾಗದ ಬರೆಸಿದರು. ಅವರ ಮನದ ಮಾತುಗಳಲ್ಲಿ ಉಳಿದಿರುವುದರ ಬಹುಪಾಲು ಬ್ರಿಟಿಷ್ ಸೆನ್ಸಾರ್ ಅಧಿಕಾರಿಗಳು ಇಂಗ್ಲಿಷಿಗೆ ತಿರುಗಿಸಿಟ್ಟ ತುಣುಕುಗಳಲ್ಲಿ.

ಅಮೆರಿಕದ ಕಾಂಗ್ರೆಸ್ 2000ನೇ ಇಸವಿಯಲ್ಲಿ ಕಾನೂನು ಮಾಡಿ ಯೋಧರ ನೆನಪುಗಳನ್ನು ದಾಖಲಿಸುವ ಯೋಜನೆಯೊಂದನ್ನು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ವಹಿಸಿತು. ಆ ಸಂಗ್ರಹದಲ್ಲಿ ಈಗ 1 ಲಕ್ಷಕ್ಕೂ ಹೆಚ್ಚು ಯೋಧರ ದಾಖಲೆಗಳಿವೆ, ಬಹಳಷ್ಟನ್ನು ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ಕೇಳಬಹುದು. ಸಂದರ್ಶನ ಮಾಡಲು ಪ್ರೊಫೆಸರ್ ಆಗಿರಬೇಕಿಲ್ಲ. ಹತ್ತನೇ ತರಗತಿ ಮತ್ತು ಅದಕ್ಕಿಂತ ಮೇಲಿನ ಯಾವ ವಿದ್ಯಾರ್ಥಿಯೂ ಮಾಡಬಹುದು. ಧ್ವನಿಮುದ್ರಣ ಕನಿಷ್ಠ 30 ನಿಮಿಷ ಇರಬೇಕು, ಯೋಧ ತಾನೇ ಕಂಡದ್ದನ್ನು, ಅನುಭವಿಸಿದ್ದನ್ನು ಹೇಳಬೇಕು. ಹಳೆಯ ಕಾಗದಗಳು, ಫೋಟೋಗಳು ಇದ್ದರೆ ಅವನ್ನೂ ಸೇರಿಸಬಹುದು. ಅಜ್ಜನ ಎದುರು ಕುಳಿತು ಮೊಮ್ಮಕ್ಕಳು ಕೇಳಿದ ಎಷ್ಟೋ ಸಂದರ್ಶನಗಳು ಆ ಸಂಗ್ರಹದಲ್ಲಿವೆ. ಎಲ್ಲಿ ಹುಟ್ಟಿದಿರಿ, ಸೈನ್ಯಕ್ಕೆ ಯಾಕೆ ಸೇರಿದಿರಿ, ಮೊದಲ ದಿನ ಹೇಗಿತ್ತು ಎಂಬ ಸರಳ ಪ್ರಶ್ನೆಗಳಿಂದ ಅವು ಆರಂಭವಾಗುತ್ತವೆ.